ಬೂಟು ಮೊದಲು, ಜಾಕೆಟ್ ಆಮೇಲೆ

ಅಕ್ಕನ ಮಗ ಈ ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದಾನೆ. ಸುಮಾರು 3,800 ಮೀಟರ್ ಎತ್ತರದ ಆ ಶಿಖರಕ್ಕೆ ಚಳಿಗಾಲದಲ್ಲಿ ಹಿಮ ತುಳಿದುಕೊಂಡೇ ಹೋಗಬೇಕು. ಹೋದ ತಿಂಗಳು ಒಂದು ರವಿವಾರ ಆತ ಹುಬ್ಬಳ್ಳಿಯಿಂದ ಧಾರವಾಡದ ನಮ್ಮ ಮನೆಗೆ ಬಂದು, ಮೊಬೈಲಿನಲ್ಲಿ ಬರೆದುಕೊಂಡಿದ್ದ ಮೂವತ್ತೆರಡು ಸಾಮಾನುಗಳ ಪಟ್ಟಿಯನ್ನು ನನ್ನ ಮುಂದೆ ಹಿಡಿದು, "ಮಾಮಾ, ಇದರಾಗ ಮೊದಲ ಯಾವುದು ತಗೊಳ್ಳಲಿ?" ಎಂದು ಕೇಳಿದ. ಪಟ್ಟಿಯ ಮೊದಲ ಸಾಲಿನಲ್ಲಿ ಹಕ್ಕಿಯ ಗರಿ ತುಂಬಿದ ಜಾಕೆಟ್ ಇತ್ತು. ಬೂಟು ಹತ್ತೊಂಬತ್ತನೆಯ ಸಾಲಿನಲ್ಲಿ, ಸೆಲ್ಫಿ ಕೋಲಿನ ಕೆಳಗಿತ್ತು.

ನಾನು ನಗಲಿಲ್ಲ, ಏಕೆಂದರೆ ಹದಿನಾರು ವರ್ಷಗಳ ಹಿಂದೆ ನನ್ನ ಪಟ್ಟಿಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಪರ್ವತ ಏರುವವರ ಫೋಟೋಗಳಲ್ಲಿ ಕಣ್ಣಿಗೆ ಬೀಳುವುದು ಬಣ್ಣದ ಜಾಕೆಟ್. ಕಾಲು ಹಿಮದಲ್ಲಿ ಹೂತಿರುತ್ತದೆ. ಆದರೆ ದಿನಕ್ಕೆ ಆರೇಳು ಗಂಟೆ ನಡೆಯುವವನ ಜಾಕೆಟ್ ಆ ಆರೇಳು ಗಂಟೆಯೂ ಬಹುತೇಕ ಚೀಲದೊಳಗೇ ಇರುತ್ತದೆ. ಬೂಟು ಪ್ರತಿ ಹೆಜ್ಜೆಗೂ ದುಡಿಯುತ್ತದೆ, ಚೀಲ ಪ್ರತಿ ನಿಮಿಷವೂ ಬೆನ್ನಿಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಆತನ ಪಟ್ಟಿಯನ್ನು ತಿರುವಿಹಾಕಿ ಕಾಲು, ಬೆನ್ನು, ಮೈಬಟ್ಟೆ, ನಿದ್ದೆ ಎಂಬ ಕ್ರಮದಲ್ಲಿ ಬರೆದುಕೊಟ್ಟೆ. ಮೊದಲೆರಡು ನಮ್ಮ ಮೈಯ ಅಳತೆಗೆ ಹೊಂದಬೇಕಾದ ವಸ್ತುಗಳಾದ್ದರಿಂದ ಅವನ್ನು ಸ್ವಂತಕ್ಕೆ ಕೊಳ್ಳಲೇಬೇಕು. ಉಳಿದವುಗಳಲ್ಲಿ ಬಹುಪಾಲನ್ನು ಬಾಡಿಗೆಗೆ ತರಬಹುದು, ಗೆಳೆಯರಲ್ಲಿ ಕಡ ಕೇಳಬಹುದು, ಇಲ್ಲವೇ ಮನೆಯಲ್ಲಿ ಇರುವುದರಲ್ಲೇ ಹೊಂದಿಸಿಕೊಳ್ಳಬಹುದು.

ಬೂಟಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಮೊದಲ ಹಿಮಾಲಯ ಚಾರಣಕ್ಕೆ ನಾನು ಬೂಟು ಕೊಂಡದ್ದು ಬೆಳಗಿನ ಹತ್ತೂವರೆಗೆ, ಆಫೀಸಿಗೆ ಹಾಕುವ ತೆಳುವಾದ ಕಾಲುಚೀಲದ ಮೇಲೆ, ಅಂಗಡಿಯ ನಯವಾದ ಫರಸಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಕಾಲಿಗೆ ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಇಳಿಯಲು ಆರಂಭಿಸಿದ ಮೇಲೆ ಪಾದಗಳು ಬೂಟಿನೊಳಗೆ ಮುಂದಕ್ಕೆ ಜಾರಿ ಹೆಬ್ಬೆರಳುಗಳು ತುದಿಗೆ ಬಡಿಯತೊಡಗಿದವು. ಎರಡನೆಯ ಸಂಜೆಗೆ ಎರಡೂ ಹೆಬ್ಬೆರಳಿನ ಉಗುರುಗಳು ಕಪ್ಪಾದವು, ಊರಿಗೆ ಮರಳಿದ ಮೇಲೆ ಒಂದೊಂದಾಗಿ ಕಳಚಿಬಿದ್ದವು. ಬೂಟಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ದಿನವಿಡೀ ನಡೆದ ಪಾದ ಊದಿಕೊಳ್ಳುತ್ತದೆ, ದಪ್ಪನೆಯ ಉಣ್ಣೆಯ ಕಾಲುಚೀಲ ಇನ್ನಷ್ಟು ಜಾಗ ಬೇಡುತ್ತದೆ, ಇಳಿಜಾರು ಅದಕ್ಕೂ ಹೆಚ್ಚಿನ ಜಾಗ ಬೇಡುತ್ತದೆ ಎಂಬ ಮೂರು ಸಂಗತಿಗಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆದ್ದರಿಂದ ಈ ಸಲ ಅಳಿಯನನ್ನು ಸಂಜೆ ಆರಕ್ಕೆ, ಆತ ದಿನವೆಲ್ಲ ನಿಂತು ಕೆಲಸ ಮಾಡಿದ ಮೇಲೆ, ಹುಬ್ಬಳ್ಳಿಯ ಅಂಗಡಿಗೆ ಕರೆದೊಯ್ದೆ. ಚಾರಣದಲ್ಲಿ ಹಾಕಲಿರುವ ಕಾಲುಚೀಲವನ್ನೇ ಜೊತೆಗೆ ಒಯ್ದಿದ್ದೆವು. ಲೇಸು ಕಟ್ಟುವ ಮೊದಲು ಪಾದವನ್ನು ಪೂರ್ತಿ ಮುಂದಕ್ಕೆ ಒತ್ತಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಇಳಿಯಬೇಕು. ಲೇಸು ಬಿಗಿದು ಮೆಟ್ಟಿಲು ಹತ್ತಿದಾಗ ಹಿಮ್ಮಡಿ ಮೇಲಕ್ಕೆ ಏಳಬಾರದು. ಇಳಿದಾಗ ಬೆರಳು ತುದಿಗೆ ತಾಗಬಾರದು. ಈ ಮೂರು ಪರೀಕ್ಷೆಗಳಲ್ಲಿ ಪಾಸಾದದ್ದು ಆತ ಪ್ರತಿನಿತ್ಯ ಹಾಕುವ ಅಳತೆಗಿಂತ ಒಂದು ನಂಬರು ದೊಡ್ಡದಾದ ಜೋಡಿ. ಅಂಗಡಿಯ ಹುಡುಗ ಮೆಟ್ಟಿಲ ಮೇಲೆ ನಮ್ಮ ಓಡಾಟವನ್ನು ಇಪ್ಪತ್ತು ನಿಮಿಷ ಸಹಿಸಿಕೊಂಡದ್ದಕ್ಕೆ ಆತನಿಗೆ ಕೃತಜ್ಞನಾಗಿದ್ದೇನೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಏರುವವರು ಬೆರಳು ಮಡಚುವಷ್ಟು ಬಿಗಿಯಾದ ಜೋಡು ಹಾಕುವುದನ್ನು ನೋಡಿದವರು ಚಾರಣದ ಬೂಟನ್ನೂ ಹಾಗೆಯೇ ಆರಿಸುವುದುಂಟು. ಅದು ಬಂಡೆಯ ಸಣ್ಣ ಅಂಚಿನ ಮೇಲೆ ನಿಲ್ಲುವುದಕ್ಕಾಗಿ ಮಾಡಿದ ಜೋಡು, ನಡೆಯುವುದಕ್ಕಲ್ಲ.

ಅಟ್ಟೆಯ ಬಗ್ಗೆ ಒಂದು ಮಾತು. ಇಂದು ಬೂಟಿನ ತಳದಲ್ಲಿ ಹಳದಿ ಬಣ್ಣದ ಸಣ್ಣ ಗುರುತಾಗಿ ಕಾಣುವ ವಿಬ್ರಮ್ ಎಂಬುದು ವಿತಾಲೆ ಬ್ರಮಾನಿ ಎಂಬ ಇಟಲಿಯ ಪರ್ವತಾರೋಹಿಯ ಹೆಸರನ್ನು ಕೂಡಿಸಿ ಮಾಡಿದ ಪದ. 1935ರಲ್ಲಿ ಆಲ್ಪ್ಸ್‌ನಲ್ಲಿ ಆತನ ಆರು ಮಂದಿ ಸಂಗಾತಿಗಳು ಕೆಟ್ಟ ಹವೆಗೆ ಸಿಕ್ಕು ತೀರಿಕೊಂಡರು. ಆ ಕಾಲದ ಜೋಡುಗಳು ಅಂಥ ಜಾಗಕ್ಕೆ ತಕ್ಕುದಾಗಿರಲಿಲ್ಲ ಎಂಬುದನ್ನು ಮನಗಂಡ ಬ್ರಮಾನಿ ಎರಡು ವರ್ಷಗಳ ನಂತರ, ಟೈರು ತಯಾರಿಸುವ ಪಿರೆಲ್ಲಿಯ ನೆರವಿನಿಂದ, ಆಳವಾದ ಹಲ್ಲುಗಳುಳ್ಳ ರಬ್ಬರ್ ಅಟ್ಟೆಯನ್ನು ರೂಪಿಸಿದ. ಈಗ ಬೇರೆ ಕಂಪನಿಗಳೂ ಒಳ್ಳೆಯ ಅಟ್ಟೆಗಳನ್ನು ಮಾಡುತ್ತವೆ. ಹೆಸರಿಗಿಂತ ಹಲ್ಲಿನ ಆಳವನ್ನೂ ರಬ್ಬರಿನ ಹಿಡಿತವನ್ನೂ ನೋಡಿದರೆ ಸಾಕು.

ಕಡಿಮೆ ಬಳಸಿದ ಹಳೆಯ ಬೂಟು ಹೊಸದರಷ್ಟೇ ಒಳ್ಳೆಯದು ಎಂಬ ನಂಬಿಕೆ ನನಗೂ ಇತ್ತು. ಎಂಟು ವರ್ಷ ಅಟ್ಟದ ಮೇಲೆ ಡಬ್ಬಿಯಲ್ಲಿಟ್ಟಿದ್ದ ಒಂದು ಜೋಡಿಯನ್ನು ಹಾಕಿಕೊಂಡು ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿದ್ದಾಗ, ಡೋಣಿಯ ಕಡೆಯಿಂದ ಏರತೊಡಗಿ ಒಂದು ಗಂಟೆಯಾಗಿರಲಿಲ್ಲ, ಬಲಗಾಲಿನ ಅಟ್ಟೆ ಮೊಸಳೆಯಂತೆ ಬಾಯಿ ತೆರೆಯಿತು. ಒಳಪದರವು ಕೈಯಲ್ಲಿ ಹಿಸುಕಿದರೆ ರವೆಯಂತೆ ಉದುರುತ್ತಿತ್ತು. ಬೂಟಿನ ನಡುಪದರಕ್ಕೆ ಬಳಸುವ ಪಾಲಿಯುರಿಥೇನ್ ಎಂಬ ವಸ್ತು ಗಾಳಿಯ ತೇವವನ್ನು ಹೀರಿ, ಹಾಕಿದರೂ ಹಾಕದಿದ್ದರೂ ವರ್ಷಗಳು ಕಳೆದಂತೆ ತಾನಾಗಿ ಶಿಥಿಲವಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಸುತಳಿಯಿಂದ ಅಟ್ಟೆಯನ್ನು ಬೂಟಿಗೆ ಬಿಗಿದು ಕುಂಟುತ್ತ ಇಳಿದು ಬಂದೆ. ಹಿಮಾಲಯದಲ್ಲಾಗಿದ್ದರೆ ಈ ಕಥೆಯನ್ನು ಇಷ್ಟು ಹಗುರವಾಗಿ ಹೇಳುತ್ತಿರಲಿಲ್ಲ. ಹರಾಜಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ದಾಸ್ತಾನಿನ ಬೂಟುಗಳ ತಯಾರಿಕೆಯ ವರ್ಷವನ್ನು ಅಂದಿನಿಂದ ತಪ್ಪದೆ ನೋಡುತ್ತೇನೆ.

ನೀರು ಒಳಗೆ ಬಿಡದ ಬೂಟು ಬೇಕೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹಿಮದಲ್ಲಿ ನಡೆಯುವುದಾದರೆ ಬೇಕು. ಆದರೆ ಮಳೆಗಾಲದಲ್ಲಿ ಕುದುರೆಮುಖದ ಹಾದಿಯಲ್ಲಿ ಹಳ್ಳ ದಾಟುವಾಗ ನೀರು ಬೂಟಿನ ಮೇಲಿನಿಂದಲೇ ಒಳಗೆ ಇಳಿಯುತ್ತದೆ, ಒಳಗಿಳಿದ ನೀರು ಹೊರಹೋಗಲು ಆ ಪದರವೇ ಬಿಡುವುದಿಲ್ಲ, ಕೊಡ ಕಟ್ಟಿಕೊಂಡು ನಡೆದಂತಾಗುತ್ತದೆ. ನಮ್ಮ ಪಶ್ಚಿಮ ಘಟ್ಟಗಳಿಗೆ ಬೇಗ ಒಣಗುವ ಜಾಲರಿಯ ಜೋಡು ಮತ್ತು ಇಂಬಳ ಹತ್ತದಂತೆ ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ ಇವೇ ಹೆಚ್ಚು ಉಪಯುಕ್ತ.

ಇನ್ನು ಬೆನ್ನು. ಚೀಲ ಕೊಳ್ಳುವವರು ಎಷ್ಟು ಲೀಟರು ಎಂದು ಕೇಳುತ್ತಾರೆಯೇ ಹೊರತು ಬೆನ್ನಿನ ಉದ್ದ ಎಷ್ಟು ಎಂದು ಕೇಳುವವರು ವಿರಳ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಎಲುಬಿನಿಂದ ಸೊಂಟದ ಎಲುಬಿನ ಮೇಲಂಚಿನ ಮಟ್ಟದವರೆಗೆ ಟೇಲರ್ ಟೇಪಿನಿಂದ ಅಳೆದರೆ ಆ ಉದ್ದ ಸಿಗುತ್ತದೆ. ಅಳಿಯ ನನಗಿಂತ ಅರ್ಧ ಅಡಿ ಎತ್ತರದವನು. ಬೆನ್ನು ಮಾತ್ರ ನನ್ನದಕ್ಕಿಂತ ಒಂದೇ ಅಂಗುಲ ಉದ್ದ, ಉಳಿದ ಎತ್ತರವೆಲ್ಲ ಕಾಲಿನಲ್ಲಿದೆ. ಎತ್ತರ ನೋಡಿ ದೊಡ್ಡ ಚೌಕಟ್ಟಿನ ಚೀಲ ಕೊಟ್ಟಿದ್ದರೆ ಸೊಂಟದ ಪಟ್ಟಿ ತೊಡೆಯ ಮೇಲೆ ಬಂದು ಕೂಡುತ್ತಿತ್ತು. ಭಾರದ ಹೆಚ್ಚಿನ ಪಾಲನ್ನು ಹೊರಬೇಕಾದುದು ಭುಜವಲ್ಲ, ಸೊಂಟ. ಭುಜದ ಪಟ್ಟಿಗಳ ಕೆಲಸ ಚೀಲವನ್ನು ಬೆನ್ನಿಗೆ ಹತ್ತಿರ ಹಿಡಿದಿಡುವುದು ಮಾತ್ರ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಮೂಟೆಯನ್ನು ಬೆನ್ನಿಗೆ ಒತ್ತಿಕೊಂಡೇ ಒಯ್ಯುತ್ತಾರಲ್ಲದೆ ಹಿಂದಕ್ಕೆ ಜೋತಾಡಲು ಬಿಡುವುದಿಲ್ಲ. ಚೀಲ ತುಂಬುವಾಗಲೂ ಭಾರವಾದ ವಸ್ತುಗಳು ಬೆನ್ನಿಗೆ ತಾಗಿ, ನಡುಮಟ್ಟದಲ್ಲಿ ಇರಬೇಕು.

ಖಾಲಿ ಚೀಲ ಎಲ್ಲರ ಬೆನ್ನಿಗೂ ಚೆನ್ನಾಗಿಯೇ ಕೂಡುತ್ತದೆ. ಅದಕ್ಕಾಗಿ ಐದೈದು ಕಿಲೋದ ಎರಡು ಜೋಳದ ಹಿಟ್ಟಿನ ಚೀಲಗಳನ್ನು ಮನೆಯಿಂದಲೇ ಒಯ್ದು, ಅಂಗಡಿಯಲ್ಲಿ ತುಂಬಿಸಿ, ಕಾಲು ಗಂಟೆ ಹೊತ್ತು ನಿಲ್ಲಿಸಿದೆ. ಮೊದಲು ಮೆಚ್ಚಿದ ಚೀಲ ಹತ್ತು ನಿಮಿಷಕ್ಕೆ ಭುಜ ಕೊರೆಯತೊಡಗಿತು. ಎರಡನೆಯದು, ಮೂವತ್ತು ವರ್ಷಗಳ ಹಿಂದಿನ ಶಾಲೆಯ ಪಾಟೀಚೀಲದ ಬಣ್ಣದ್ದು, ಸುಮ್ಮನೆ ಕೂತಿತು. ಐವತ್ತು ಲೀಟರಿನ ಅದನ್ನೇ ಕೊಂಡೆವು. ಅರವತ್ತೈದು ಲೀಟರಿನದು ಬೇಡವೆಂದದ್ದಕ್ಕೆ ಕಾರಣ, ಜಾಗವಿದ್ದರೆ ಅದನ್ನು ಏನಾದರೂ ತುಂಬಿಯೇ ತೀರುತ್ತೇವೆ. ಚೀಲದ ಮೇಲಿನ ಮಳೆಹೊದಿಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಬೆನ್ನಿನ ಕಡೆಯಿಂದ ನೀರು ಇಳಿಯುವುದನ್ನು ಅದು ತಡೆಯಲಾರದು. ಗೊಬ್ಬರದ ಚೀಲದ ಒಳಗಿರುವಂಥ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ, ಹಾಸಿಗೆಗಳನ್ನಿಟ್ಟು ಬಾಯಿ ತಿರುವಿ ಕಟ್ಟಿದರೆ ಹಳ್ಳಕ್ಕೆ ಬಿದ್ದರೂ ಒಣಗಿದ್ದು ಒಣಗಿದಂತೆಯೇ ಇರುತ್ತದೆ.

ಬಟ್ಟೆಯ ಬಗ್ಗೆ ಮಾತಾಡುವಾಗ ಚಳಿಯ ಲೆಕ್ಕದಿಂದ ಆರಂಭಿಸಬೇಕು. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆಂದು ಹಿಡಿದರೆ, ಕೇದಾರಕಂಠದ ತುದಿಯು ಎತ್ತರವೊಂದರಿಂದಲೇ ನಮ್ಮೂರಿಗಿಂತ ಇಪ್ಪತ್ತು ಡಿಗ್ರಿ ತಣ್ಣಗಿರಬೇಕು. ಅದರ ಮೇಲೆ ಉತ್ತರದ ಚಳಿಗಾಲ ಬೇರೆ, ಗಾಳಿ ಬೇರೆ. ಜನವರಿಯ ಬೆಳಗಿನ ಜಾವ ಕೆಲಗೇರಿ ಕೆರೆಯ ದಂಡೆಯಲ್ಲಿ ಮಂಕಿ ಟೋಪಿ ಹಾಕಿಕೊಂಡು ತಿರುಗಾಡುವ ನಮಗೆ ನಿಜವಾದ ಚಳಿಯ ಅಂದಾಜು ಇಲ್ಲ. ಅಂದಾಜು ಇಲ್ಲದವನು ಒಂದೇ ಅತಿ ದಪ್ಪನೆಯ ಜಾಕೆಟ್ ಕೊಳ್ಳುತ್ತಾನೆ, ಹತ್ತುವಾಗ ಅದರೊಳಗೆ ಬೆವರುತ್ತಾನೆ, ನಿಂತ ಕೂಡಲೇ ಆ ಬೆವರಿನಿಂದಲೇ ನಡುಗುತ್ತಾನೆ.

ಪದರಗಳ ತತ್ವ ನಮ್ಮ ಮನೆಗಳಿಗೆ ಹೊಸದಲ್ಲ. ಅಜ್ಜಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದ ಕೌದಿ ಬೆಚ್ಚಗಿರುವುದು ಸೀರೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಪರ್ವತದಲ್ಲಿ ಆ ಪದರಗಳು ಹೊಲಿಗೆಯಿಲ್ಲದೆ ಬಿಡಿಬಿಡಿಯಾಗಿರಬೇಕು, ಅಷ್ಟೇ: ಮೈಗೆ ತಾಗಿ ಬೆವರನ್ನು ಹೊರಕ್ಕೆ ಎಳೆಯುವ ತೆಳುವಾದ ಪಾಲಿಯೆಸ್ಟರ್ ಅಥವಾ ಸಣ್ಣ ಉಣ್ಣೆಯ ಅಂಗಿ, ಅದರ ಮೇಲೆ ಶಾಖ ಹಿಡಿಯುವ, ಉಣ್ಣೆಯಂತೆ ಮೆತ್ತಗಿರುವ ಫ್ಲೀಸ್ ಬಟ್ಟೆ, ಎಲ್ಲಕ್ಕೂ ಮೇಲೆ ಗಾಳಿ, ಮಳೆ, ಹಿಮ ತಡೆಯುವ ಹೊರಪದರ. ಕೌದಿ ಒದ್ದೆಯಾದರೆ ಏನಾಗುತ್ತದೆಂದು ಅದನ್ನು ಒಗೆದವರಿಗೆ ಗೊತ್ತು. ಇಬ್ಬರು ಹಿಂಡಿದರೂ ಎರಡು ದಿನ ಒಣಗುವುದಿಲ್ಲ. ಹತ್ತಿಯ ಬನಿಯನ್ನು, ಜೀನ್ಸ್ ಪ್ಯಾಂಟು ಇವುಗಳ ಪಾಡೂ ಅದೇ. ಹತ್ತಿಯ ಸೀಮೆಯವನಾಗಿ ಈ ಮಾತು ಹೇಳಲು ನನಗೆ ಸ್ವಲ್ಪ ಸಂಕೋಚವೇ, ಆದರೆ ಹಿಮಕ್ಕೆ ಹೋಗುವ ಚೀಲದಲ್ಲಿ ಹತ್ತಿಗೆ ಕರವಸ್ತ್ರದಷ್ಟು ಮಾತ್ರ ಜಾಗ.

ಉಣ್ಣೆಯ ಗುಣ ಬೇರೆ. ಹಾವೇರಿಯ ಕಡೆ ನಮ್ಮ ಅಜ್ಜ ಮುಂಗಾರಿನಲ್ಲಿ ಹೊಲಕ್ಕೆ ಹೋಗುವಾಗ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಏರಿಸುತ್ತಿದ್ದರು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಆ ಕಂಬಳಿ ನೆನೆದರೂ ಒಳಗೆ ಮೈ ಬೆಚ್ಚಗೇ ಇರುತ್ತಿತ್ತು. ಉಣ್ಣೆಯ ಎಳೆ ತನ್ನೊಳಗೆ ಸಾಕಷ್ಟು ತೇವ ಹೀರಿಕೊಂಡರೂ ಶಾಖವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಕಂಬಳಿಯನ್ನು ಹಿಮಾಲಯಕ್ಕೆ ಹೊತ್ತೊಯ್ಯಿರೆಂದು ನಾನು ಹೇಳುತ್ತಿಲ್ಲ, ಅದರ ಭಾರ ಹೊತ್ತವನಿಗೇ ಗೊತ್ತು; ಕಾಲುಚೀಲ ಮತ್ತು ಟೊಪ್ಪಿಗೆಗಳನ್ನು ಮಾತ್ರ ಉಣ್ಣೆಯದೇ ಆರಿಸಿ ಎನ್ನುತ್ತೇನೆ. ನಡುಪದರಕ್ಕೆ, ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಬಂದು ಟಿಬೆಟನ್ನರು ಮಾರುವ ಸ್ವೆಟರ್ ಸಾಕು. ಅವುಗಳಲ್ಲಿ ಬಹಳಷ್ಟು ಲುಧಿಯಾನಾದಿಂದ ಬರುವ ಅಕ್ರಿಲಿಕ್ ಮಾಲು. ಅಕ್ರಿಲಿಕ್ ನೀರನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಅದು ದೋಷವೇನೂ ಅಲ್ಲ. ಅಳಿಯನ ಫ್ಲೀಸಿನ ಖರ್ಚು ಹೀಗೆ ಉಳಿಯಿತು.

ಹೊರಪದರಕ್ಕೆ ಮಾತ್ರ ಜಿಪುಣತನ ಮಾಡಬಾರದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ದೊರೆತ ಸೂಕ್ಷ್ಮ ರಂಧ್ರಗಳ ಪದರವೇ ಗೋರ್‌ಟೆಕ್ಸ್. ಅದರ ರಂಧ್ರಗಳಲ್ಲಿ ನೀರಿನ ಹನಿ ನುಗ್ಗಲಾರದು, ಬೆವರಿನ ಆವಿ ಹೊರಬರಬಲ್ಲದು. ಅದೇ ತತ್ವದ ಅಗ್ಗದ ಪದರಗಳೂ ಈಗ ಬಂದಿವೆ. ಹೊಲಿಗೆಗಳ ಒಳಬದಿಗೆ ಪಟ್ಟಿ ಅಂಟಿಸಿದ್ದಾರೆಯೇ ಎಂದು ತಿರುವಿ ನೋಡಬೇಕು, ಏಕೆಂದರೆ ನೀರು ಬಟ್ಟೆಗಿಂತ ಮೊದಲು ಸೂಜಿಯ ತೂತಿನಿಂದ ಬರುತ್ತದೆ.

ಈಗ ಪಟ್ಟಿಯ ಮೊದಲ ಸಾಲಿನಲ್ಲಿದ್ದ ಗರಿಯ ಜಾಕೆಟ್. ಅದರ ಚೀಟಿಯ ಮೇಲಿನ 600, 700, 800 ಎಂಬ ಅಂಕಿಗಳು ಒಂದು ಔನ್ಸ್ ಗರಿ ಎಷ್ಟು ಘನ ಅಂಗುಲದಷ್ಟು ಉಬ್ಬುತ್ತದೆ ಎಂಬುದನ್ನು ಹೇಳುತ್ತವೆ. ಪಿಂಜಾರರು ಗಾದಿಯ ಅರಳೆ ಹಿಂಜುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ತೂಕ ಅಷ್ಟೇ ಇದ್ದು ಉಬ್ಬು ಹೆಚ್ಚಿದಷ್ಟೂ ಬಿಸಿ ಹೆಚ್ಚು. ಆದರೆ ಗರಿ ಒದ್ದೆಯಾದರೆ ಮುದ್ದೆಯಾಗಿ ಯಾವ ಕೆಲಸಕ್ಕೂ ಬಾರದಂತಾಗುತ್ತದೆ. ನಮ್ಮ ಘಟ್ಟದ ಮಳೆಗೆ ಅದು ನಿರುಪಯೋಗಿ. ವರ್ಷಕ್ಕೊಮ್ಮೆಯೂ ಹಿಮಕ್ಕೆ ಹೋಗದವನು ಅದನ್ನು ಕೊಳ್ಳುವುದಕ್ಕಿಂತ ಚಾರಣ ಹೊರಡುವ ಊರಿನಲ್ಲಿ ಬಾಡಿಗೆಗೆ ಪಡೆಯುವುದು ಒಳ್ಳೆಯದು. ಅಳಿಯ ಮುಖ ಸಣ್ಣದು ಮಾಡಿದ, ಆದರೂ ಒಪ್ಪಿದ.

ಮಲಗುವ ಚೀಲವನ್ನೂ ಬಾಡಿಗೆಗೇ ತರುತ್ತಾನೆ, ಆದರೆ ಅದರ ಮೇಲಿನ ಅಂಕಿಯನ್ನು ಓದಲು ಕಲಿತಿರಬೇಕು. ಐಎಸ್‌ಒ 23537 ಎಂಬ ಮಾನದಂಡದ ಪ್ರಕಾರ ಪರೀಕ್ಷಿಸಿದ ಚೀಲಕ್ಕೆ ಮೂರು ಅಂಕಿಗಳಿರುತ್ತವೆ: ಆರಾಮವಾಗಿ ಮಲಗಬಹುದಾದ ತಾಪಮಾನ, ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ತಾಪಮಾನ, ಮತ್ತು ಜೀವವಷ್ಟೇ ಉಳಿಯಬಹುದಾದ ತಾಪಮಾನ. ಮೂರನೆಯದನ್ನೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಮಾರುವವರಿದ್ದಾರೆ. ನಾನು ಒಮ್ಮೆ ಮೈನಸ್ ಹತ್ತು ಎಂದು ಬರೆದಿದ್ದ ಚೀಲದಲ್ಲಿ, ಹೊರಗೆ ಸೊನ್ನೆಯ ಆಸುಪಾಸಿನಲ್ಲೇ, ಮೂರು ಜೊತೆ ಬಟ್ಟೆ ಹಾಕಿಕೊಂಡು ಹಲ್ಲು ಕಡಿಯುತ್ತ ಬೆಳಗು ಮಾಡಿದ್ದೇನೆ. ಆರಾಮದ ಅಂಕಿಯನ್ನು ಮಾತ್ರ ನಂಬಬೇಕು, ಅದು ಬರೆದಿಲ್ಲದಿದ್ದರೆ ಉಳಿದ ಅಂಕಿಗೆ ಬೆಲೆ ಕೊಡಬಾರದು. ಕೆಳಗೆ ಹಾಸುವ ಚಾಪೆಯೂ ಅಷ್ಟೇ ಮುಖ್ಯ. ಮೈಯ ಭಾರಕ್ಕೆ ಬೆನ್ನಿನ ಕೆಳಗಿನ ಗರಿ ಅಪ್ಪಚ್ಚಿಯಾಗಿರುತ್ತದೆ; ನೆಲ ಶಾಖವನ್ನು ಎಳೆಯದಂತೆ ತಡೆಯುವುದು ಚಾಪೆಯೊಂದೇ. ಗಾಳಿ ತುಂಬುವ ಚಾಪೆ ಮೆತ್ತಗಿರುತ್ತದೆ, ತೂತಾದರೆ ಮುಗಿಯಿತು. ಫೋಮಿನ ಚಾಪೆ ಅಷ್ಟು ಸುಖಕರವಲ್ಲ, ಆದರೆ ಕೈಕೊಡುವುದಿಲ್ಲ.

ಹಿಮ ಕಡಿಯುವ ಕೊಡಲಿಯಾದ ಐಸ್ ಏಕ್ಸ್, ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಹಲ್ಲುಗಳ ಕ್ರಾಂಪಾನ್, ಹಗ್ಗ ಕಟ್ಟಿಕೊಳ್ಳಲು ಸೊಂಟಕ್ಕೆ ತೊಡುವ ಹಾರ್ನೆಸ್, ಹಗ್ಗ ಇವುಗಳೂ ಪಟ್ಟಿಯಲ್ಲಿದ್ದವು. ಅವೆಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದೆ. ಬಳಸಲು ಬಾರದವನ ಕೈಯಲ್ಲಿ ಐಸ್ ಏಕ್ಸ್ ಇರುವುದು ಅಪಾಯ. ಮೆತ್ತನೆಯ ಚಾರಣದ ಬೂಟಿಗೆ ಗಟ್ಟಿ ಕ್ರಾಂಪಾನ್ ಕೂಡುವುದೂ ಇಲ್ಲ. ಆತನ ದಾರಿಗೆ ರಬ್ಬರಿನ ಪಟ್ಟಿಗೆ ಸರಪಳಿ, ಮೊಳೆಗಳನ್ನು ಸೇರಿಸಿದ ಸಾಧನ ಸಾಕು, ಅದನ್ನು ಕರೆದೊಯ್ಯುವವರೇ ಕೊಡುತ್ತಾರೆ. ನಿಜವಾಗಿ ಪರ್ವತಾರೋಹಣ ಕಲಿಯುವ ಆಸೆಯಿದ್ದರೆ 1954ರಲ್ಲಿ ಡಾರ್ಜಿಲಿಂಗಿನಲ್ಲಿ ಆರಂಭವಾದ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಇದೆ, 1965ರಲ್ಲಿ ಉತ್ತರಕಾಶಿಯಲ್ಲಿ ಆರಂಭವಾದ ನೆಹರೂ ಪರ್ವತಾರೋಹಣ ಸಂಸ್ಥೆ ಇದೆ. ತರಬೇತಿಗೆ ಬೇಕಾದ ಇಂಥ ಸಲಕರಣೆಗಳನ್ನು ಅಲ್ಲಿ ಸಂಸ್ಥೆಯೇ ಒದಗಿಸುತ್ತದೆ. ಕಲಿತ ಮೇಲೆ ಯಾವುದನ್ನು ಕೊಳ್ಳಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಹಗ್ಗದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ನೈಲಾನ್ ಹಗ್ಗ ಎಷ್ಟೇ ಗಟ್ಟಿಯಾಗಿ ಕಂಡರೂ ಆರೋಹಣಕ್ಕಲ್ಲ. ಬೀಳುವವನ ಹೊಡೆತವನ್ನು ಹಿಗ್ಗಿ ತಡೆದುಕೊಳ್ಳುವಂತೆ ನೇಯ್ದ, ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಎಯ ಗುರುತಿರುವ ಹಗ್ಗವೇ ಬೇರೆ. ಅದನ್ನು ಮತ್ತು ಹಾರ್ನೆಸ್ಸನ್ನು ಯಾರೋ ಬಳಸಿ ಬಿಟ್ಟದ್ದು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು.

ಸಣ್ಣ ಸಾಮಾನುಗಳಲ್ಲಿ ಕಪ್ಪು ಕನ್ನಡಕಕ್ಕೆ ಮಾತ್ರ ನಾನು ಹಟ ಹಿಡಿದೆ. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಮರಳಿ ಕಣ್ಣಿಗೆ ಎಸೆಯಬಲ್ಲದು, ರಸ್ತೆಬದಿಯ ಬಣ್ಣದ ಗಾಜು ಅದನ್ನು ತಡೆಯುವುದಿಲ್ಲ. ತಲೆಗೆ ಕಟ್ಟುವ ಬ್ಯಾಟರಿ, ಎರಡು ನೀರಿನ ಬಾಟಲಿ ಬೇಕೇ ಬೇಕು. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮಂಜುಗಡ್ಡೆ ತಳದ ಕಡೆ ಕಟ್ಟಿ ಬಾಯಿ ತೆರೆದಿರುತ್ತದೆ. ಮೊಬೈಲು, ಪವರ್ ಬ್ಯಾಂಕುಗಳು ಚಳಿಗೆ ಬೇಗ ಸೋಲುವುದರಿಂದ ರಾತ್ರಿ ಅವುಗಳನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಬೇಕು.

ಬೂಟು ಕೊಂಡು ಐದು ವಾರವಾಯಿತು. ಆತ ವಾರಕ್ಕೆ ಮೂರು ದಿನ ಬೆಳಗ್ಗೆ ಅದನ್ನೇ ಹಾಕಿಕೊಂಡು, ಚೀಲದಲ್ಲಿ ನೀರಿನ ಕ್ಯಾನು ತುಂಬಿಕೊಂಡು ನೃಪತುಂಗ ಬೆಟ್ಟ ಹತ್ತಿ ಇಳಿಯುತ್ತಿದ್ದಾನೆ. ಮೊದಲ ವಾರ ಎಡ ಹಿಮ್ಮಡಿಗೆ ಬೊಬ್ಬೆ ಬಂದಿತ್ತು. ಲೇಸು ಕಟ್ಟುವ ಕ್ರಮ ಬದಲಿಸಿದ ಮೇಲೆ ನಿಂತಿದೆ. ನಿನ್ನೆ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತುಂಬಿದ ಚೀಲವನ್ನು ತೂಗಿದೆವು: ಹದಿನಾಲ್ಕು ಕಿಲೋ ಮುನ್ನೂರು ಗ್ರಾಂ. ಆತನ ತೂಕ ಅರವತ್ತೆರಡು ಕಿಲೋ, ಚೀಲಕ್ಕೆ ನಾವು ಮಿತಿಯೆಂದು ಹಿಡಿದ ಅದರ ಐದನೆಯ ಒಂದು ಭಾಗವೆಂದರೆ ಹನ್ನೆರಡೂ ಕಾಲು ಕಿಲೋ ಚಿಲ್ಲರೆ. ಎರಡು ಜೀನ್ಸ್ ಪ್ಯಾಂಟು, ಮೂರನೆಯ ಪವರ್ ಬ್ಯಾಂಕು, ಸೆಲ್ಫಿ ಕೋಲು ಹೊರಬಂದವು. ಆಮೇಲೂ ಸ್ವಲ್ಪ ಹೆಚ್ಚೇ ಇತ್ತು. ಅಕ್ಕ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿಗಳನ್ನು ನಮ್ಮ ಮನೆಯಲ್ಲಿ ಉಳಿಸಿಕೊಂಡು, ರೊಟ್ಟಿಯನ್ನು ಮುರಿದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆವು. ಅಕ್ಕನಿಗೆ ಇನ್ನೂ ಹೇಳಿಲ್ಲ.